ಮರಣ ಪ್ರಮಾಣಪತ್ರದಲ್ಲಿ ಒಂದು ಹೆಸರು: ಒಬರ್ಗೆಫೆಲ್ ಪ್ರಕರಣ ಮತ್ತು ಮದುವೆಯ ತತ್ವಚರ್ಚೆ

2013ರ ಜುಲೈ 11. ಅಮೆರಿಕದ ಸಿನ್ಸಿನಾಟಿಯಿಂದ ಹೊರಟ ಒಂದು ಪುಟ್ಟ ವೈದ್ಯಕೀಯ ವಿಮಾನ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಹತ್ತಿರದ ನಿಲ್ದಾಣದಲ್ಲಿ ಇಳಿಯಿತು. ಒಳಗೆ ಜಿಮ್ ಒಬರ್ಗೆಫೆಲ್ ಮತ್ತು ಜಾನ್ ಆರ್ಥರ್ ಇದ್ದರು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದವರು. ಜಾನ್‌ಗೆ ಎಎಲ್‌ಎಸ್ ಎಂಬ ನರರೋಗ. ಮೈಯ ಸ್ನಾಯುಗಳು ಒಂದೊಂದಾಗಿ ಸೋತುಹೋಗುವ, ಗುಣವಾಗದ ಕಾಯಿಲೆ ಅದು. ಆ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಅವರ ಓಹಾಯೋ ರಾಜ್ಯದಲ್ಲಿ ಇಬ್ಬರು ಗಂಡಸರು ಮದುವೆಯಾಗುವಂತಿರಲಿಲ್ಲ. ಮೇರಿಲ್ಯಾಂಡ್‌ನಲ್ಲಿ ಆಗಬಹುದಿತ್ತು. ಹಾಗಾಗಿ ನಿಲ್ದಾಣದಲ್ಲಿ ನಿಂತ ವಿಮಾನದೊಳಗೇ ಮದುವೆ ನಡೆಯಿತು. ಮುಗಿದ ಮೇಲೆ ಮನೆಗೆ ಮರಳಿದರು.

ಕೆಲವೇ ದಿನಗಳಲ್ಲಿ ಆಲ್ ಗೆರ್ಹಾರ್ಡ್‌ಸ್ಟೀನ್ ಎಂಬ ವಕೀಲರು ಅವರಿಗೆ ಒಂದು ಖಾಲಿ ಫಾರಂ ತೋರಿಸಿದರು. ಅದು ಓಹಾಯೋದ ಮರಣ ಪ್ರಮಾಣಪತ್ರ. ಜಾನ್ ತೀರಿಕೊಂಡಾಗ ಇದರಲ್ಲಿ ಅವರನ್ನು ಅವಿವಾಹಿತ ಎಂದು ಬರೆಯುತ್ತಾರೆ, ಸಂಗಾತಿಯ ಹೆಸರಿನ ಜಾಗ ಖಾಲಿ ಬಿಡುತ್ತಾರೆ ಅಂದರು. ಜುಲೈ 19ರಂದು ದಾವೆ ದಾಖಲಾಯಿತು. ಮೂರೇ ದಿನಕ್ಕೆ ಫೆಡರಲ್ ನ್ಯಾಯಾಧೀಶ ಟಿಮೊತಿ ಬ್ಲ್ಯಾಕ್ ದಂಪತಿಯ ಪರವಾಗಿ ತಾತ್ಕಾಲಿಕ ಆದೇಶ ಕೊಟ್ಟರು. ಅಕ್ಟೋಬರ್ 22ರಂದು ಜಾನ್ ತೀರಿಕೊಂಡರು. ಮದುವೆ ಬಾಳಿದ್ದು ಮೂರು ತಿಂಗಳು, ಹನ್ನೊಂದು ದಿನ.

ಪ್ರಮಾಣಪತ್ರದಲ್ಲಿ ಜಿಮ್ ಹೆಸರು ಬಂತು. ಆದರೆ ರಾಜ್ಯ ಮೇಲ್ಮನವಿ ಹೋಯಿತು. 2014ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ರಾಜ್ಯದ ಪರ ನಿಂತಿತು. ಮಿಷಿಗನ್, ಕೆಂಟಕಿ, ಟೆನೆಸ್ಸಿಯ ಇಂಥದ್ದೇ ಪ್ರಕರಣಗಳ ಜೊತೆ ಇದೂ ಸುಪ್ರೀಂ ಕೋರ್ಟ್ ತಲುಪಿತು. 2015ರ ಜೂನ್ 26ರಂದು ಐದಕ್ಕೆ ನಾಲ್ಕು ಮತಗಳಿಂದ ತೀರ್ಪು ಬಂತು. ಇಡೀ ದೇಶದಲ್ಲಿ ಸಲಿಂಗ ಮದುವೆ ಕಾನೂನುಬದ್ಧವಾಯಿತು.

ಕಥೆ ಇಷ್ಟೇ. ಸಲಿಂಗ ಮದುವೆಯ ಬಗ್ಗೆ ದಾರ್ಶನಿಕರು ದಶಕಗಳಿಂದ ವಾದ ಮಾಡಿದ್ದಾರೆ. ಆ ವಾದಗಳನ್ನೆಲ್ಲ ಈ ಒಂದು ಮದುವೆಯ ಮೇಲೆ ಇಟ್ಟು ನೋಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಮದುವೆಗೆ ನಾವು ಸಾಮಾನ್ಯವಾಗಿ ಕೊಡುವ ಕಾರಣಗಳೆಲ್ಲ ಇಲ್ಲಿ ಉದುರಿಹೋಗಿವೆ. ಮಕ್ಕಳಿಲ್ಲ, ಮುಂದೆ ಆಗುವಂತೆಯೂ ಇಲ್ಲ. ಒಟ್ಟಿಗೆ ಕಳೆಯಬೇಕಾದ ವರ್ಷಗಳಿಲ್ಲ. ದೈಹಿಕ ಸಂಬಂಧದ ಮಾತೇ ಇಲ್ಲ. ದಾವೆಯಲ್ಲಿ ಕೇಳಿದ್ದು ದುಡ್ಡೂ ಅಲ್ಲ. ಒಂದು ಸರ್ಕಾರಿ ಕಾಗದದಲ್ಲಿ ಒಂದು ಹೆಸರು. ಇಷ್ಟು ಬರಿದಾದ ಮೇಲೂ ಅದು ಮದುವೆಯೇ ಅಂತ ನಮಗೆ ಅನ್ನಿಸಿದರೆ, ಮದುವೆ ಅನ್ನುವುದು ನಿಜಕ್ಕೂ ಏನು?

ಪೂರ್ತಿ ಸಾಂಕೇತಿಕ ಅಂತಲೂ ಹೇಳುವಂತಿಲ್ಲ. ಜಾನ್ ಕುಟುಂಬದ ಸಮಾಧಿ ಜಾಗದಲ್ಲಿ ವಂಶಸ್ಥರಿಗೆ ಮತ್ತು ಅವರನ್ನು ಮದುವೆಯಾದವರಿಗೆ ಮಾತ್ರ ಅವಕಾಶ ಇತ್ತು. ಜಿಮ್ ಮುಂದೆ ಪಕ್ಕದಲ್ಲಿ ಮಲಗಬೇಕೆಂದರೂ ಆ ಕಾಗದ ಬೇಕಿತ್ತು.

ಮಕ್ಕಳಿಗಾಗಿ ಮದುವೆ ಅನ್ನುವ ವಾದ

ರಾಜ್ಯಗಳ ಪರ ವಾದ ಹೀಗಿತ್ತು. ಸರ್ಕಾರಕ್ಕೆ ಯಾರ ಪ್ರೀತಿಯೂ ಬೇಕಾಗಿಲ್ಲ. ಗಂಡು ಹೆಣ್ಣು ಕೂಡಿದರೆ ಬೇಕೆಂದೋ ಬೇಡವೆಂದೋ ಮಗು ಹುಟ್ಟುತ್ತದೆ. ಆ ಮಗುವನ್ನು ಹೆತ್ತವರಿಬ್ಬರೂ ಸೇರಿ ಸಾಕಲಿ ಅಂತ ಮದುವೆ ಎಂಬ ಕಟ್ಟುಪಾಡು ಬಂತು. ಇಬ್ಬರು ಗಂಡಸರಿಂದ ಅಥವಾ ಇಬ್ಬರು ಹೆಂಗಸರಿಂದ ಆಕಸ್ಮಿಕವಾಗಿ ಮಗು ಹುಟ್ಟುವುದಿಲ್ಲ. ಹಾಗಾಗಿ ಸರ್ಕಾರಕ್ಕೆ ಅಲ್ಲಿ ಕೆಲಸವಿಲ್ಲ. ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಜೆಫ್ರಿ ಸಟನ್ ಇದನ್ನು ಸಮಂಜಸವಾದ ಕಾರಣ ಎಂದೇ ಒಪ್ಪಿದರು.

2015ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯುವಾಗ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಒಂದು ಸರಳ ಪ್ರಶ್ನೆ ಹಾಕಿದರು. ಎಪ್ಪತ್ತು ವರ್ಷದ ಜೋಡಿ ಮದುವೆಯಾಗಲು ಬಂದರೆ? ಅವರಿಗೆ ಮಕ್ಕಳಾಗುವುದಿಲ್ಲ ಅಂತ ಕೇಳದೆಯೇ ಗೊತ್ತಲ್ಲ? ಮಿಷಿಗನ್ ಪರ ವಕೀಲರು, ಎಪ್ಪತ್ತರ ಗಂಡಸು ಇನ್ನೂ ಮಕ್ಕಳನ್ನು ಹುಟ್ಟಿಸಬಲ್ಲ ಎಂದು ಉತ್ತರಿಸಿದರು. ಕೋರ್ಟಿನಲ್ಲಿ ನಗು ಎದ್ದಿತು. ನನಗೆ ಆ ಉತ್ತರ ತಮಾಷೆಗಿಂತ ಜಾಸ್ತಿ ಏನನ್ನೋ ಹೇಳುತ್ತದೆ. ವಾದವನ್ನು ಉಳಿಸಿಕೊಳ್ಳಲು ಎಷ್ಟು ದೂರ ಹೋಗಬೇಕಾಯಿತು ನೋಡಿ. ಅದೇ ನ್ಯಾಯಾಲಯ 1987ರಲ್ಲಿ ಜೈಲಿನಲ್ಲಿರುವ ಕೈದಿಗಳಿಗೂ ಮದುವೆಯ ಹಕ್ಕಿದೆ ಎಂದಿತ್ತು. ಆಗ ಕೊಟ್ಟ ಮೊದಲ ಕಾರಣವೇ ಪರಸ್ಪರ ಆಸರೆ ಮತ್ತು ಎಲ್ಲರೆದುರು ಬದ್ಧತೆ ತೋರುವುದು. ಮಕ್ಕಳ ಮಾತು ಅಲ್ಲಿ ಮುಖ್ಯವೇ ಆಗಿರಲಿಲ್ಲ.

ಇದೇ ವಾದದ ಇನ್ನೂ ಗಟ್ಟಿಯಾದ ರೂಪ ದಾರ್ಶನಿಕರಿಂದ ಬಂತು. ರಾಬರ್ಟ್ ಜಾರ್ಜ್, ಶೆರಿಫ್ ಗಿರ್ಗಿಸ್, ರಯಾನ್ ಆಂಡರ್ಸನ್ ಈ ಸಾಲಿನವರು. ಅವರಿಗಿಂತ ಮೊದಲು ಜಾನ್ ಫಿನ್ನಿಸ್. ಇವರು ಮಗು ಹುಟ್ಟಲೇಬೇಕು ಅನ್ನುವುದಿಲ್ಲ. ಮದುವೆ ಅಂದರೆ ಮನಸ್ಸು ಮತ್ತು ದೇಹ ಎರಡರ ಪೂರ್ಣ ಮಿಲನ. ದೇಹಗಳು ನಿಜವಾಗಿ ಒಂದಾಗುವುದು ಸಂತಾನದ ಕಡೆ ಮುಖ ಮಾಡಿದ ಗಂಡು ಹೆಣ್ಣಿನ ಕೂಟದಲ್ಲಿ ಮಾತ್ರ. ಮಗು ಆಗಲಿ, ಬಿಡಲಿ, ಆ ಕೂಟದ ಸ್ವರೂಪ ಹಾಗೇ ಇರುತ್ತದೆ. ಆದ್ದರಿಂದ ಮಕ್ಕಳಾಗದ ಗಂಡ ಹೆಂಡತಿಯದೂ ಮದುವೆಯೇ, ಇಬ್ಬರು ಗಂಡಸರದು ಎಷ್ಟೇ ಪ್ರೀತಿಯಿದ್ದರೂ ಮದುವೆಯಲ್ಲ.

ಈ ವಾದವನ್ನು ಸುಮ್ನೆ ತಳ್ಳಿಹಾಕುವವರು ಬಹಳ. ಧರ್ಮಗ್ರಂಥದ ಮಾತನ್ನೇ ತತ್ವದ ಭಾಷೆಯಲ್ಲಿ ಹೇಳಿದ್ದಾರೆ ಅನ್ನುತ್ತಾರೆ. ಅದು ಸರಿಯಲ್ಲ. ಇದು ತನ್ನದೇ ಕಾಲ ಮೇಲೆ ನಿಲ್ಲಲು ನೋಡುವ ವಾದ, ಅದಕ್ಕೆ ಉತ್ತರ ಕೊಡಬೇಕು. ವಿಮಾನದಲ್ಲಿ ನಡೆದ ಮದುವೆಯನ್ನೇ ತೆಗೆದುಕೊಳ್ಳಿ. ಜಾನ್ ಜಾಗದಲ್ಲಿ ಒಬ್ಬ ಹೆಂಗಸು ಮಲಗಿದ್ದಳು ಅಂದುಕೊಳ್ಳಿ. ಅದೇ ಕಾಯಿಲೆ, ಅದೇ ಮೂರು ತಿಂಗಳು. ದೇಹಗಳ ಕೂಟ ಆಗಲೂ ಅಸಾಧ್ಯವೇ. ಓಹಾಯೋದ ಅಧಿಕಾರಿ ಒಂದೇ ಒಂದು ಪ್ರಶ್ನೆ ಕೇಳದೆ ಗಂಡನ ಹೆಸರು ಬರೆಯುತ್ತಿದ್ದ. ಯಾರೂ ಅದನ್ನು ಅರ್ಧ ಮದುವೆ ಅನ್ನುತ್ತಿರಲಿಲ್ಲ. ಸಾಯುತ್ತಿರುವವರ ಪಕ್ಕದಲ್ಲಿ ಕೂತು ಕೈ ಹಿಡಿದವರನ್ನು ನಾವು ಇನ್ನೂ ಜಾಸ್ತಿ ಗೌರವಿಸುತ್ತೇವೆ, ಅಲ್ವಾ? ಹಾಗಾದರೆ ಕಾನೂನು ಆಗಲೇ ದೇಹದ ಕೂಟವನ್ನು ಮದುವೆಯ ಅಳತೆಗೋಲಾಗಿ ಬಳಸುವುದನ್ನು ಬಿಟ್ಟುಬಿಟ್ಟಿತ್ತು. ಆ ಅಳತೆಗೋಲು ಹೊರಬಂದದ್ದು ಈ ಜೋಡಿ ಎದುರಿಗೆ ನಿಂತಾಗ ಮಾತ್ರ.

ನ್ಯಾಯಾಧೀಶ ಬ್ಲ್ಯಾಕ್ ಹಿಡಿದದ್ದೂ ಈ ಎಳೆಯನ್ನೇ. ಓಹಾಯೋ ತನ್ನಲ್ಲಿ ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಗೆ ಅನುಮತಿ ಕೊಡುವುದಿಲ್ಲ. ತನ್ನ ವಯಸ್ಸಿನ ಮಿತಿಗಿಂತ ಚಿಕ್ಕವರಿಗೂ ಕೊಡುವುದಿಲ್ಲ. ಆದರೆ ಬೇರೆ ರಾಜ್ಯದಲ್ಲಿ ಅಲ್ಲಿನ ಕಾನೂನಿನಂತೆ ಅಂಥವರು ಮದುವೆಯಾಗಿ ಬಂದರೆ ಒಪ್ಪಿಕೊಳ್ಳುತ್ತಿತ್ತು. ನಡೆದ ಜಾಗದಲ್ಲಿ ಸಿಂಧುವಾದ ಮದುವೆ ಇಲ್ಲೂ ಸಿಂಧು ಎನ್ನುವುದು ಹಳೆಯ ನಿಯಮ. ಅದರಿಂದ ಸಲಿಂಗ ಜೋಡಿಗಳನ್ನು ಮಾತ್ರ ಹೊರಗಿಟ್ಟರು. 2004ರಲ್ಲಿ ಮತದಾರರು ರಾಜ್ಯದ ಸಂವಿಧಾನಕ್ಕೇ ಆ ತಿದ್ದುಪಡಿ ತಂದಿದ್ದರು.

ಗಟ್ಟಿಯಾದ ವಿರೋಧ ಎಲ್ಲಿದೆ

ನನ್ನ ಲೆಕ್ಕದಲ್ಲಿ ಈ ಪ್ರಕರಣಕ್ಕೆ ನಿಜವಾಗಿ ತಟ್ಟುವ ಆಕ್ಷೇಪ ಬೇರೆಯದು. ಅದು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ಭಿನ್ನ ತೀರ್ಪಿನಲ್ಲಿದೆ.

ಸ್ವಾತಂತ್ರ್ಯ ಅಂದರೇನು ಅಂತ ಥಾಮಸ್ ಕೇಳುತ್ತಾರೆ. ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್, ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಅವರ ಕಾಲದಿಂದ ಬಂದ ಅರ್ಥದಲ್ಲಿ ಸ್ವಾತಂತ್ರ್ಯ ಅಂದರೆ ಸರ್ಕಾರ ನಿಮ್ಮನ್ನು ತಡೆಯದೆ ಇರುವುದು. ಈ ಅರ್ಜಿದಾರರನ್ನು ಯಾರು ತಡೆದರು? ಒಟ್ಟಿಗೆ ಬಾಳಿದರು. ಬೇರೆ ರಾಜ್ಯಕ್ಕೆ ಹೋಗಿ ಮದುವೆಯಾದರು. ಮನೆಗೆ ಬಂದರು. ಪೊಲೀಸರು ಬರಲಿಲ್ಲ, ಜೈಲಿಗೆ ಹಾಕಲಿಲ್ಲ. ಅವರು ಕೇಳುತ್ತಿರುವುದು ಸರ್ಕಾರದ ಮಾನ್ಯತೆ ಮತ್ತು ಅದರ ಜೊತೆ ಬರುವ ಸವಲತ್ತು. ಅದನ್ನು ಸ್ವಾತಂತ್ರ್ಯ ಅನ್ನಲಾಗದು. ಘನತೆಯ ಬಗ್ಗೆ ಅವರ ಮಾತು ಇನ್ನೂ ಚೂಪು. ಘನತೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು, ಸರ್ಕಾರ ಅದನ್ನು ಕೊಡಲಾರದು, ಕಿತ್ತುಕೊಳ್ಳಲೂ ಆರದು. ಗುಲಾಮರಾಗಿದ್ದವರೂ ತಮ್ಮ ಘನತೆ ಕಳೆದುಕೊಂಡಿರಲಿಲ್ಲ ಅನ್ನುತ್ತಾರೆ.

ಈ ಮಾತು ಕೇಳಿ ಬಹಳ ಜನ ಸಿಟ್ಟಾದರು. ಸಿಟ್ಟು ಬರುವುದು ಸಹಜ. ಆದರೆ ವಾದದ ಹುರುಳು ಅಲ್ಲೇ ಇದೆ. ವಿಮಾನದ ಮದುವೆಗೆ ಇದು ಎಷ್ಟು ನೇರವಾಗಿ ಹೊಂದುತ್ತದೆ ನೋಡಿ. ಜಿಮ್ ಮತ್ತು ಜಾನ್ ತಮ್ಮ ನಡುವೆ ಏನನ್ನು ಮಾಡಬೇಕೆಂದಿದ್ದರೋ ಅದನ್ನೆಲ್ಲ ಮಾಡಿ ಮುಗಿಸಿದ್ದರು. ಅವರ ಬಾಂಧವ್ಯಕ್ಕೆ ಓಹಾಯೋದ ಗುಮಾಸ್ತನ ಸಹಿ ಬೇಕಾಗಿರಲಿಲ್ಲ. ಕೊರತೆ ಇದ್ದದ್ದು ಒಂದೇ ಕಡೆ. ಅವರಿಬ್ಬರ ನಡುವೆ ಏನಿತ್ತು ಎಂಬುದನ್ನು ಎಲ್ಲರಿಗೂ ಸೇರಿದ ದಾಖಲೆ ಸುಳ್ಳಾಗಿ ಹೇಳುತ್ತಿತ್ತು. ಹಾಗಾದರೆ ಇಡೀ ಜಗಳ ಜೋಡಿಗಳು ಏನು ಮಾಡಬಹುದು ಎಂಬುದರದ್ದಲ್ಲ. ಉಳಿದ ನಾವೆಲ್ಲ ಸೇರಿ ಏನನ್ನು ಬರೆದಿಡಬೇಕು ಎಂಬುದರದ್ದು. ಇಷ್ಟರ ಮಟ್ಟಿಗೆ ಥಾಮಸ್ ಪ್ರಶ್ನೆಯನ್ನು ಎಲ್ಲರಿಗಿಂತ ಸರಿಯಾಗಿ ಹಿಡಿದಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ಅವರು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಬೀದಿಯಲ್ಲಿ ದೀಪ ಹಾಕಿಸುವುದು ಸರ್ಕಾರದ ಇಷ್ಟ ಅಂದುಕೊಳ್ಳೋಣ, ಯಾರಿಗೂ ಅದರ ಹಕ್ಕಿಲ್ಲ. ಆದರೆ ಇಡೀ ಬೀದಿಗೆ ದೀಪ ಹಾಕಿ ಒಂದು ಮನೆಯ ಮುಂದೆ ಮಾತ್ರ ಕತ್ತಲು ಬಿಟ್ಟರೆ, ನಿನಗೆ ಬೆಳಕಿನ ಹಕ್ಕೇ ಇರಲಿಲ್ಲವಲ್ಲ ಅನ್ನುವುದು ಉತ್ತರವಾಗುವುದಿಲ್ಲ. ಆಗ ಕೇಳಬೇಕಾದದ್ದು, ಆ ಮನೆಯನ್ನೇ ಯಾಕೆ ಬಿಟ್ಟಿರಿ ಅಂತ. ಓಹಾಯೋ ಮದುವೆಯ ದಾಖಲೆ ಇಡುವ ಕೆಲಸವನ್ನೇ ಮಾಡದಿದ್ದರೆ ಜಿಮ್‌ಗೆ ಕೇಳಲು ಏನೂ ಇರುತ್ತಿರಲಿಲ್ಲ. ಆದರೆ ಅದು ಎಲ್ಲರದ್ದನ್ನೂ ಬರೆಯುತ್ತಿತ್ತು. ಎಂಬತ್ತರ ವರನದ್ದು, ಕೈದಿಯದ್ದು, ನಾಲ್ಕನೇ ಸಲ ಮದುವೆಯಾದವನದ್ದು. ಸ್ವಾತಂತ್ರ್ಯದ ವಾದ ಸೋತರೂ ಸಮಾನತೆಯ ವಾದ ನಿಲ್ಲುತ್ತದೆ. ನಿಲ್ಲಲು ಅದಕ್ಕೆ ಮದುವೆ ದೊಡ್ಡದು, ಪವಿತ್ರ ಅನ್ನುವ ಯಾವ ಮಾತೂ ಬೇಕಿಲ್ಲ.

ಉಳಿದ ಭಿನ್ನ ತೀರ್ಪುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ಮುಖ್ಯ ದೂರು, ಇದನ್ನು ಐದು ವಕೀಲರು, ಅಂದರೆ ಬಹುಮತದ ಐವರು ನ್ಯಾಯಮೂರ್ತಿಗಳು, ತೀರ್ಮಾನಿಸಬಾರದು, ಜನ ತೀರ್ಮಾನಿಸಬೇಕು ಎಂದು. ಅದು ಯಾರು ನಿರ್ಧರಿಸಬೇಕು ಎಂಬ ಚರ್ಚೆ, ಮದುವೆ ಏನು ಎಂಬ ಚರ್ಚೆಯಲ್ಲ. ಅವರ ಇನ್ನೊಂದು ಮಾತಿಗೆ ಮಾತ್ರ ಮುಂದೆ ಬರುತ್ತೇನೆ.

ಗೆದ್ದ ತೀರ್ಪಿನ ತೊಡಕು

ಬಹುಮತದ ತೀರ್ಪು ಬರೆದವರು ಆಂಥೊನಿ ಕೆನಡಿ. ಸಮಾನತೆಯ ಮಾತು ಅದರಲ್ಲಿ ಇಲ್ಲ ಅಂತಲ್ಲ, ಇದೆ. ಆದರೆ ಭಾರವೆಲ್ಲ ಬಿದ್ದಿರುವುದು ಮದುವೆಯ ಹಿರಿಮೆಯ ಮೇಲೆ. ಪ್ರಾಚೀನ ಚೀನಾದ ಕನ್ಫ್ಯೂಷಿಯಸ್, ರೋಮ್‌ನ ಸಿಸೆರೋ ಬರುತ್ತಾರೆ. ಮದುವೆಯಷ್ಟು ಆಳವಾದ ಬಂಧ ಮತ್ತೊಂದಿಲ್ಲ ಎಂಬ ಅರ್ಥದ ಮಾತು ಬರುತ್ತದೆ. ಈ ಜೋಡಿಗಳು ಒಂಟಿತನದ ಶಿಕ್ಷೆಗೆ ಒಳಗಾಗಬಾರದು ಎಂಬ ಸಾಲು ಬರುತ್ತದೆ.

ಓದಲು ಚೆನ್ನಾಗಿದೆ. ತೀರ್ಪು ಬಂದ ಮೇಲೆ ಎಷ್ಟೋ ಜೋಡಿಗಳು ತಮ್ಮ ಮದುವೆಯಲ್ಲಿ ಅದರ ಸಾಲುಗಳನ್ನು ಓದಿಸಿದ್ದೂ ಉಂಟು. ಆದರೆ ಜಿಮ್ ಒಂಟಿಯಾಗಿದ್ದದ್ದು ಓಹಾಯೋ ಕಾನೂನಿನಿಂದಲ್ಲ. ಮದುವೆಯಾಗದೆ ಇಪ್ಪತ್ತು ವರ್ಷ ಅವರಿಬ್ಬರೂ ಒಂಟಿಯಾಗಿರಲಿಲ್ಲ. ಕಾನೂನು ಮಾಡಿದ ಅನ್ಯಾಯ ಒಂಟಿತನ ಅಲ್ಲ, ತಾರತಮ್ಯ. ಮದುವೆಯನ್ನು ಇಷ್ಟು ಎತ್ತರಕ್ಕೆ ಏರಿಸಿದರೆ ಅದರ ಹೊರಗಿರುವವರೆಲ್ಲ ಅಷ್ಟೇ ಕೆಳಗೆ ಕಾಣುತ್ತಾರೆ. ಮದುವೆಯಾಗದವರು, ವಿಧವೆಯರು, ಗೆಳೆಯರ ಜೊತೆ ಬದುಕು ಕಟ್ಟಿಕೊಂಡವರು.

ಈ ಎಚ್ಚರಿಕೆ ಕೊಟ್ಟವರು ಸಂಪ್ರದಾಯವಾದಿಗಳಲ್ಲ, ಸಲಿಂಗಿ ಚಳವಳಿಯ ಒಳಗಿನವರೇ. ದಾರ್ಶನಿಕೆ ಕ್ಲಾಡಿಯಾ ಕಾರ್ಡ್ 1996ರಲ್ಲೇ ಮದುವೆ ಎಂಬ ವ್ಯವಸ್ಥೆಯೇ ಕೆಟ್ಟದ್ದು, ಅದರೊಳಗೆ ನುಗ್ಗಲು ಯಾಕೆ ಹೋರಾಡಬೇಕು ಎಂದು ಬರೆದರು. ಸಾಹಿತ್ಯ ವಿಮರ್ಶಕ ಮೈಕೆಲ್ ವಾರ್ನರ್ 1999ರಲ್ಲಿ, ಮದುವೆಯಾದ ಸಲಿಂಗಿಗಳು ಒಳ್ಳೆಯವರೆಂದೂ ಆಗದವರು ಕೆಟ್ಟವರೆಂದೂ ಹೊಸ ಗೆರೆ ಬೀಳುತ್ತದೆ ಎಂದರು. ಇವರ ಪ್ರಕಾರ ಜಿಮ್ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಸತ್ತವರ ಹತ್ತಿರದವರು ಯಾರು ಎಂದು ಬರೆಯಲು ಮದುವೆಯೇ ಯಾಕೆ ಬೇಕು?

ದಾರ್ಶನಿಕೆ ಎಲಿಜಬೆತ್ ಬ್ರೇಕ್ 2012ರಲ್ಲಿ ಇದಕ್ಕೊಂದು ರೂಪ ಕೊಟ್ಟರು. ಸರ್ಕಾರ ಕಾಪಾಡಬೇಕಾದದ್ದು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಸಂಬಂಧಗಳನ್ನು. ಅದರಲ್ಲಿ ಪ್ರಣಯ ಇದೆಯೋ ಇಲ್ಲವೋ, ಇಬ್ಬರಿದ್ದಾರೋ ಮೂವರೋ ಎಂದು ಸರ್ಕಾರ ನೋಡಬೇಕಾಗಿಲ್ಲ. ಆಸ್ಪತ್ರೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಒಬ್ಬರಿಗೆ, ಆಸ್ತಿ ಇನ್ನೊಬ್ಬರಿಗೆ ಎಂದು ಹಂಚಲೂಬಹುದು.

ವಿಚಿತ್ರ ಅಂದರೆ, ರಾಬರ್ಟ್ ಜಾರ್ಜ್ ಕಡೆಯವರೂ ಬಂದು ನಿಲ್ಲುವುದು ಇದೇ ಜಾಗಕ್ಕೆ, ಎದುರು ದಿಕ್ಕಿನಿಂದ. ಮದುವೆ ಅಂದರೆ ಗಾಢವಾದ ಮನಸ್ಸಿನ ಬಂಧ ಅಷ್ಟೇ ಆದರೆ ಒಟ್ಟಿಗೆ ಬಾಳುವ ಇಬ್ಬರು ಅಕ್ಕತಂಗಿಯರನ್ನು ಯಾಕೆ ಹೊರಗಿಡುತ್ತೀರಿ, ಇಬ್ಬರೇ ಅಂತ ಯಾಕೆ ಎಂದು ಅವರು ಕೇಳುತ್ತಾರೆ. ಉತ್ತರವಿಲ್ಲದಿದ್ದರೆ ನಿಮ್ಮ ವಾದ ಬಿತ್ತು ಎನ್ನುತ್ತಾರೆ. ಬ್ರೇಕ್ ಅದೇ ಪ್ರಶ್ನೆ ಕೇಳಿ, ಉತ್ತರವಿಲ್ಲ, ಆದ್ದರಿಂದ ಬಾಗಿಲು ತೆರೆಯಿರಿ ಎನ್ನುತ್ತಾರೆ. ಸಲಿಂಗ ಮದುವೆಯನ್ನು ಬೆಂಬಲಿಸುವ ಸಾಮಾನ್ಯ ಉದಾರವಾದಿ ಈ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾನೆ.

ಅಕ್ಕತಂಗಿಯರ ಪ್ರಶ್ನೆ ಬರೀ ತರಗತಿಯ ಕಸರತ್ತು ಅಂದುಕೊಳ್ಳಬೇಡಿ. 2008ರ ಏಪ್ರಿಲ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬ್ರಿಟನ್ನಿನ ಬರ್ಡನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹುಟ್ಟಿದಾಗಿನಿಂದ ಒಟ್ಟಿಗೆ ಬಾಳಿದ ಇಬ್ಬರು ವಯಸ್ಸಾದ ಅಕ್ಕತಂಗಿಯರು. ಒಬ್ಬರು ಸತ್ತರೆ ಉಳಿದವರು ಪಿತ್ರಾರ್ಜಿತ ತೆರಿಗೆ ಕಟ್ಟಲು ಮನೆಯನ್ನೇ ಮಾರಬೇಕಾಗುತ್ತದೆ ಎಂಬ ಭಯ ಅವರದ್ದು. ಗಂಡ ಹೆಂಡತಿಗೆ ಆ ತೆರಿಗೆಯಿಂದ ವಿನಾಯಿತಿ ಇತ್ತು. ನೋಂದಾಯಿಸಿದ ಸಲಿಂಗ ಜೋಡಿಗಳಿಗೂ ಇತ್ತು. ಇವರಿಗೆ ಇರಲಿಲ್ಲ. ಹದಿನೈದಕ್ಕೆ ಎರಡು ಮತಗಳಿಂದ ಅವರು ಸೋತರು. ಒಡಹುಟ್ಟಿದವರ ಸಂಬಂಧವೇ ಬೇರೆ ಬಗೆಯದು ಎಂದಿತು ನ್ಯಾಯಾಲಯ. ಬೇರೆ ಬಗೆಯದು ಸರಿ, ತೆರಿಗೆಯ ವಿಷಯದಲ್ಲಿ ಆ ವ್ಯತ್ಯಾಸ ಯಾಕೆ ಮುಖ್ಯ ಎನ್ನುವುದಕ್ಕೆ ನನಗೆ ಅದರಲ್ಲಿ ಒಪ್ಪುವಂಥ ಉತ್ತರ ಸಿಗಲಿಲ್ಲ.

ಅವರಿಗೆ ಮದುವೆ ಬೇಕಿರಲಿಲ್ಲ, ತೆರಿಗೆಯಲ್ಲಿ ರಕ್ಷಣೆ ಬೇಕಿತ್ತು. ಜಿಮ್‌ಗೆ ಬೇಕಿದ್ದದ್ದು ಸವಲತ್ತಿಗಿಂತ ಜಾಸ್ತಿ ಹೆಸರು. ಬ್ರೇಕ್ ಹೇಳುವ ದಾರಿ ಅಕ್ಕತಂಗಿಯರ ಕಷ್ಟಕ್ಕೆ ಸರಿಹೊಂದುತ್ತದೆ. ಜಿಮ್ ವಿಷಯದಲ್ಲಿ ಅದು ಅಷ್ಟು ಸಾಲದು. ನೋಡಿಕೊಳ್ಳುವವರು ಎಂದು ಆ ಕಾಗದದಲ್ಲಿ ಬರೆದಿದ್ದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡವರನ್ನು ಆರೈಕೆಯವರು ಎಂದು ಕರೆಯುವುದೂ ಒಂದು ಬಗೆಯ ಸುಳ್ಳೇ. ಆದ್ದರಿಂದ ಮದುವೆಯನ್ನು ಎಲ್ಲರಿಗೂ ತೆರೆಯುವುದು ಮತ್ತು ಸವಲತ್ತುಗಳನ್ನು ಮದುವೆಯಿಂದ ಬಿಡಿಸುವುದು, ಇವೆರಡು ಬೇರೆ ಬೇರೆ ಕೆಲಸ ಎನ್ನುವುದು ನನ್ನ ನಿಲುವು. ಒಂದನ್ನು ಮಾಡಿದರೆ ಇನ್ನೊಂದು ಮಾಡಬಾರದು ಅಂತೇನಿಲ್ಲ.

ಇಬ್ಬರೇ ಯಾಕೆ

ರಾಬರ್ಟ್ಸ್ ಅವರ ಇನ್ನೊಂದು ಮಾತು ಇದು. ಕೆನಡಿ ಕೊಟ್ಟ ಕಾರಣಗಳಲ್ಲಿ ಬಹುಪಾಲು ಮೂವರು ಸೇರಿ ಮದುವೆಯಾಗುವುದಕ್ಕೂ ಅಷ್ಟೇ ಹೊಂದುತ್ತವೆ ಎಂದರು ಅವರು. ಇದನ್ನು ಬೆದರಿಕೆಯಾಗಿ ಹೇಳಿದ್ದು ನಿಜ. ಆದರೆ ಬೆದರಿಕೆ ಅಂತ ತರ್ಕ ತಪ್ಪಾಗುವುದಿಲ್ಲ. ಸ್ವಾಯತ್ತತೆ, ಘನತೆ, ಆಳವಾದ ಬಂಧ, ಯಾವುದೂ ತಾನಾಗಿ ಎರಡಕ್ಕೆ ನಿಲ್ಲುವುದಿಲ್ಲ.

ರಾಜಕೀಯ ಚಿಂತಕ ಸ್ಟೀಫನ್ ಮಾಸೆಡೊ ಈ ಸವಾಲನ್ನು ನೇರವಾಗಿ ಎದುರಿಸಿದವರಲ್ಲಿ ಒಬ್ಬರು. ಚರಿತ್ರೆಯಲ್ಲಿ ಬಹುಪತ್ನಿತ್ವ ಅಂದರೆ ಬಹುತೇಕ ಬಲ ಇರುವ ಗಂಡಸು ಹಲವು ಹೆಂಗಸರನ್ನು ಕಟ್ಟಿಕೊಳ್ಳುವುದೇ ಆಗಿತ್ತು. ಅಲ್ಲಿ ಹೆಂಡತಿಯರ ನಡುವೆ ಸಮಾನತೆ ಇರಲಿಲ್ಲ, ಬಡ ಗಂಡಸರಿಗೆ ಮದುವೆಯೂ ಸಿಗುತ್ತಿರಲಿಲ್ಲ. ಇಬ್ಬರ ಮದುವೆಯಲ್ಲಿ ಕೊಡುಕೊಳ್ಳುವಿಕೆ ಸಮನಾಗಲು ಅವಕಾಶ ಜಾಸ್ತಿ. ಹೀಗೆ ಅವರು ಎರಡರ ಗೆರೆಯನ್ನು ಸಮಾಜದ ಪರಿಣಾಮದ ಮೇಲೆ ಎಳೆಯುತ್ತಾರೆ. ವಾದದಲ್ಲಿ ತೂಕವಿದೆ. ಆದರೆ ಗಮನಿಸಿ, ಇದು ಓಹಾಯೋ ಹಿಡಿದ ದಾರಿಯದ್ದೇ ವಾದ. ಒಂದು ಬಗೆಯ ಮದುವೆ ಸಾಮಾನ್ಯವಾಗಿ ಏನು ಮಾಡುತ್ತದೆ ಎಂದು ನೋಡಿ, ಎದುರಿಗೆ ನಿಂತ ಮೂವರನ್ನು ಅದರಿಂದ ಅಳೆಯುವುದು. ಎಪ್ಪತ್ತರ ಜೋಡಿಯ ವಿಷಯದಲ್ಲಿ ನಾವು ಅದನ್ನು ಒಪ್ಪಲಿಲ್ಲ. ವ್ಯತ್ಯಾಸ ಏನೆಂದರೆ, ಇಲ್ಲಿ ಹೇಳುವ ಹಾನಿಗೆ ಚರಿತ್ರೆಯ ಸಾಕ್ಷಿ ಇದೆ. ಸಲಿಂಗ ಮದುವೆಯಿಂದ ಆಗುತ್ತದೆ ಅಂದ ಹಾನಿಗೆ ರಾಜ್ಯಗಳು ಅಂಥ ಸಾಕ್ಷಿ ಕೊಡಲಾಗಲಿಲ್ಲ. ಅಷ್ಟು ವ್ಯತ್ಯಾಸ ಸಾಕೋ ಇಲ್ಲವೋ ಎನ್ನುವುದರಲ್ಲಿ ನಾನು ಇನ್ನೂ ಒಂದು ಕಡೆಗೆ ವಾಲಿಲ್ಲ.

2022ರಲ್ಲಿ ಗರ್ಭಪಾತದ ಹಕ್ಕನ್ನು ತೆಗೆದುಹಾಕಿದ ತೀರ್ಪಿನಲ್ಲಿ ಥಾಮಸ್ ತಮ್ಮ ಪ್ರತ್ಯೇಕ ಅಭಿಪ್ರಾಯ ಬರೆಯುತ್ತ, ಒಬರ್ಗೆಫೆಲ್ ತೀರ್ಪನ್ನೂ ಮರುಪರಿಶೀಲಿಸಬೇಕು ಎಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ತಂದಿತು. ಒಂದು ರಾಜ್ಯದಲ್ಲಿ ಸಿಂಧುವಾಗಿ ನಡೆದ ಮದುವೆಯನ್ನು, ಮದುವೆಯಾದವರ ಲಿಂಗ ಯಾವುದು ಎಂಬ ಕಾರಣಕ್ಕೆ ಇನ್ನೊಂದು ರಾಜ್ಯ ತಿರಸ್ಕರಿಸುವಂತಿಲ್ಲ. ತೀರ್ಪು ನಾಳೆ ಬಿದ್ದರೂ ಮೇರಿಲ್ಯಾಂಡ್‌ನ ಮದುವೆಯನ್ನು ಓಹಾಯೋ ಒಪ್ಪಲೇಬೇಕು. ತಾನೇ ಮದುವೆ ಮಾಡಿಸಬೇಕೆಂದು ಮಾತ್ರ ಆ ಕಾನೂನು ಹೇಳುವುದಿಲ್ಲ. ಅದರ ರಕ್ಷಣೆ ಇಬ್ಬರ ನಡುವಿನ ಮದುವೆಗೆ ಮಾತ್ರ ಎಂದು ಬರೆದಿದ್ದಾರೆ. ಇಬ್ಬರಿಗಿಂತ ಹೆಚ್ಚು ಜನರ ಮದುವೆಗೆ ಇದರಿಂದ ಮಾನ್ಯತೆ ಸಿಗುವುದಿಲ್ಲ ಎಂದು ಬೇರೆಯಾಗಿಯೂ ಸೇರಿಸಿದ್ದಾರೆ. ಯಾಕೆ ಎರಡು ಎಂಬುದಕ್ಕೆ ಆ ಕಾನೂನಿನಲ್ಲಿ ಕಾರಣ ಕೊಟ್ಟಿಲ್ಲ.